ದಿನಾ ಆಫೀಸಿಗೆ ಹೋಗೋಕೂ ಫುಲ್ ರೈಡಿಂಗ್ ಗೇರ್ ಬೇಕಾ?

ಹೆಬ್ಬಾಳ_ಸವಾರ:
ಹೆಬ್ಬಾಳದಿಂದ ವೈಟ್‌ಫೀಲ್ಡ್‌ಗೆ ದಿನಾ ಬೈಕಲ್ಲೇ ಓಡಾಟ, 350 ಸಿಸಿ ಗಾಡಿ. ವೇಗ ಹೆಚ್ಚೆಂದರೆ 50-60, ಅರ್ಧ ದಾರಿ ಬರೀ ಜಾಮ್. ಆಗಾಗ ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಗೋದುಂಟು, ಆಗ ಹಿಂದೆ ಮನೆಯವರು ಇರ್ತಾರೆ. ಸದ್ಯ ನನ್ನ ಹತ್ತಿರ ಇರೋದು ಐಎಸ್‌ಐ ಮಾರ್ಕಿನ ಫುಲ್ ಫೇಸ್ ಹೆಲ್ಮೆಟ್ ಒಂದೇ. ಬಜೆಟ್ 25,000. ದೂರ ಹೋಗುವಾಗ ಜಾಕೆಟ್, ಗ್ಲೌಸ್ ಥರದ ಗೇರ್ ಬೇಕು ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ಏಪ್ರಿಲ್ ಬಿಸಿಲಲ್ಲಿ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗೋ ಆಫೀಸ್ ದಾರಿಗೂ ಇದೆಲ್ಲ ಬೇಕಾ? ಮೊದಲು ಯಾವುದು ತಗೊಳ್ಳಲಿ? ಲೆವೆಲ್ 1, ಲೆವೆಲ್ 2, ಎ, ಎಎ ಅಂತ ಬರೆದಿರ್ತಾರಲ್ಲ, ಅದರ ಅರ್ಥ ಏನು?

ಟಾರು_ರಸ್ತೆ:
ಬೇಕು. ಆಫೀಸ್ ದಾರಿಯೇ ಸಲೀಸು ಅಂದುಕೊಳ್ಳೋದು ತಪ್ಪು ಲೆಕ್ಕ. 50ರ ವೇಗ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್. ಒಣ ಟಾರಿನ ಮೇಲೆ ಘರ್ಷಣೆ ಗುಣಾಂಕ (ಜಾರೋ ಮೈಯನ್ನು ರಸ್ತೆ ಎಷ್ಟು ತಡೆಯುತ್ತೆ ಅನ್ನೋ ಅಳತೆ) 0.7 ಅಂತ ಹಿಡಿದರೂ ಬಿದ್ದವನು ಸುಮಾರು ಎರಡು ಸೆಕೆಂಡ್, 14 ಮೀಟರ್ ಉಜ್ಜಿಕೊಂಡು ಹೋಗ್ತಾನೆ. ಮಾಮೂಲಿ ಜೀನ್ಸ್ ಒಂದು ಸೆಕೆಂಡ್ ಕೂಡ ತಡೆಯಲ್ಲ. ಆಮೇಲೆ ಸವೆಯೋದು ಚರ್ಮ. ಟ್ರ್ಯಾಕ್ ಪ್ಯಾಂಟ್ ಇನ್ನೂ ಕಷ್ಟ: ಪಾಲಿಯೆಸ್ಟರ್ ಬಿಸಿಗೆ ಕರಗಿ ಗಾಯಕ್ಕೇ ಅಂಟಿಕೊಳ್ಳುತ್ತೆ.

ಅಮೆರಿಕದಲ್ಲಿ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಡಿಕ್ಕಿ ಆದಾಗಿನ ಮಧ್ಯಾಂಕ ವೇಗ, ಅಂದರೆ ಅರ್ಧದಷ್ಟು ಅಪಘಾತಗಳು ಇದಕ್ಕಿಂತ ಕಡಿಮೆ ವೇಗದಲ್ಲೇ ಆದವು ಅನ್ನೋ ಅಂಕಿ, ಗಂಟೆಗೆ ಬರೀ 35 ಕಿಮೀ ಆಸುಪಾಸು. ನಮ್ಮ ಔಟರ್ ರಿಂಗ್ ರೋಡಿನ ವೇಗವೇ ಅದು.

ಕೊಳ್ಳುವ ಕ್ರಮಕ್ಕೆ ಬರೋಣ. ಎಲ್ಲರೂ ಹೆಲ್ಮೆಟ್ ಆದಮೇಲೆ ಜಾಕೆಟ್‌ಗೆ ಹಾರ್ತಾರೆ. ನಾನು ಗ್ಲೌಸ್ ಅಂತೀನಿ. ಆಸ್ಟ್ರೇಲಿಯಾದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಪಘಾತವಾದ 212 ಸವಾರರನ್ನು ನೋಡಿದ್ದರು. ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ರೈಡಿಂಗ್ ಗ್ಲೌಸ್ ಹಾಕಿದ್ದವರಲ್ಲಿ 59%, ರೈಡಿಂಗ್ ಪ್ಯಾಂಟ್ ಹಾಕಿದ್ದವರಲ್ಲಿ 51%, ಜಾಕೆಟ್ ಹಾಕಿದ್ದವರಲ್ಲಿ 21% ಕಡಿಮೆ ಇತ್ತು. ಅದೇ ಅಧ್ಯಯನದಲ್ಲಿ ನಾಲ್ಕರಲ್ಲೊಂದು ಗ್ಲೌಸ್, ಹತ್ತರಲ್ಲಿ ಮೂರು ಜಾಕೆಟ್ ಹರಿದು ಕೈಕೊಟ್ಟಿದ್ದವು ಅನ್ನೋದನ್ನೂ ಮರೀಬೇಡಿ. ಕಂಡಿದ್ದನ್ನೆಲ್ಲ ಗೇರ್ ಅಂತ ನಂಬೋ ಹಾಗಿಲ್ಲ.

ಗ್ಲೌಸ್‌ನಲ್ಲಿ ನೋಡಬೇಕಾದ ಜಾಗ ಗೆಣ್ಣಲ್ಲ, ಅಂಗೈಯ ಬುಡ. ಬೀಳುವಾಗ ಮನುಷ್ಯ ಕೈಯೂರಿಯೇ ಊರ್ತಾನೆ. ಬರೀ ಚರ್ಮ ಇದ್ದರೆ ಅಂಗೈ ಟಾರಿಗೆ ಕಚ್ಚಿಕೊಳ್ಳುತ್ತೆ, ಮೈ ಮುಂದಕ್ಕೆ ಹೋಗುತ್ತೆ, ಮಧ್ಯೆ ಮಣಿಕಟ್ಟಿನ ಸಣ್ಣ ಮೂಳೆ ಮುರಿಯುತ್ತೆ. ಅಲ್ಲೊಂದು ಗಟ್ಟಿ ಪ್ಲಾಸ್ಟಿಕ್ ಸ್ಲೈಡರ್ ಇದ್ದರೆ ಕೈ ಕಚ್ಚದೆ ಜಾರುತ್ತೆ. ಅಂಗಡಿಯಲ್ಲೇ ಪಟ್ಟಿ ಬಿಗಿದುಕೊಂಡು ಜೊತೆಯವರಿಗೆ ಬೆರಳು ಹಿಡಿದು ಜೋರಾಗಿ ಎಳೆಯೋಕೆ ಹೇಳಿ. ಕಳಚಿ ಬಂದರೆ ಅಲ್ಲೇ ಇಟ್ಟು ಬನ್ನಿ.

ಲೇಬಲ್_ಓದಿ:
ಲೆವೆಲ್ ಮತ್ತು ಎಎ ಎರಡೂ ಬೇರೆ ಬೇರೆ ವಿಷಯ, ಅಂಗಡಿಯವರೇ ಎಷ್ಟೋ ಸಲ ಬೆರೆಸಿಬಿಡ್ತಾರೆ.

ಲೆವೆಲ್ ಅನ್ನೋದು ಹೊಡೆತ ಹೀರೋಕೆ ಒಳಗೆ ಇಡೋ ಪ್ಯಾಡ್, ಅಂದರೆ ಆರ್ಮರ್‌ಗೆ ಮಾತ್ರ. 50 ಜೂಲ್ ಶಕ್ತಿಯ ಹೊಡೆತ ಕೊಟ್ಟಾಗ ಆಚೆ ಬದಿಗೆ ಎಷ್ಟು ಬಲ ದಾಟುತ್ತೆ ಅಂತ ಅಳೀತಾರೆ. ಭುಜ, ಮೊಣಕೈ, ಮಂಡಿಗಳಿಗೆ ಲೆವೆಲ್ 1 ಅಂದರೆ ಸರಾಸರಿ 35 ಕಿಲೋನ್ಯೂಟನ್ ಒಳಗೆ, ಲೆವೆಲ್ 2 ಅಂದರೆ 20ರ ಒಳಗೆ. ಬೆನ್ನಿಗೆ 18 ಮತ್ತು 9. ಎಎಎ, ಎಎ, ಎ ಇರೋದು ಇಡೀ ಜಾಕೆಟ್ ಅಥವಾ ಪ್ಯಾಂಟಿಗೆ: ಉಜ್ಜಿದಾಗ ಬಟ್ಟೆ ತಡೆಯುತ್ತಾ, ಹೊಲಿಗೆ ಬಿಚ್ಚಿಕೊಳ್ಳುತ್ತಾ ಅನ್ನೋ ಪರೀಕ್ಷೆ, ಇಎನ್ 17092 ಅನ್ನೋ ಯುರೋಪಿನ ಮಾನದಂಡ. ಬಿ ಅಂದರೆ ಎ ಮಟ್ಟದ್ದೇ ಬಟ್ಟೆ, ಆದರೆ ಆರ್ಮರ್ ಇಲ್ಲ. ಸಿ ಅಂದರೆ ಬರೀ ಆರ್ಮರ್ ಹಿಡಿದಿಡೋ ಬಲೆ, ಉಜ್ಜಿದರೆ ನಿಲ್ಲಲ್ಲ. ನಗರದ ಓಡಾಟಕ್ಕೆ ಎ ನಡೆಯುತ್ತೆ, ಹೈವೇಗೂ ಅದೇ ಜಾಕೆಟ್ ಅಂದರೆ ಎಎ ಹುಡುಕಿ.

"ಸಿಇ ಆರ್ಮರ್ ಇದೆ" (ಸಿಇ ಅಂದರೆ ಯುರೋಪಿನ ಸುರಕ್ಷತಾ ಗುರುತು) ಅಂದ ತಕ್ಷಣ ದುಡ್ಡು ಕೊಡಬೇಡಿ. ಪ್ಯಾಡ್ ಹೊರಗೆ ತೆಗೆದು ನೋಡಿ, ಅದರ ಮೇಲೇ ಬೈಕ್ ಸವಾರನ ಚಿತ್ರ, ಆರ್ಮರ್ ಮಾನದಂಡದ ಸಂಖ್ಯೆ ಇಎನ್ 1621, ಲೆವೆಲ್ ತೋರಿಸೋ 1 ಅಥವಾ 2 ಅಂತ ಅಚ್ಚಾಗಿರಬೇಕು. ಟಿ+ ಅಂತಿದ್ದರೆ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಪಾಸಾಗಿದೆ ಅಂತ ಅರ್ಥ. ರಾಯಚೂರು, ಕಲಬುರಗಿ ಕಡೆಯವರು ಇದನ್ನು ನೋಡಲೇಬೇಕು, ಮೆತ್ತನೆಯ ಪ್ಯಾಡ್‌ಗಳ ಗುಣ ಬಿಸಿಗೆ ಬದಲಾಗುತ್ತೆ. ಬೆನ್ನಿನ ಜೇಬಿನಲ್ಲಿ ಎಷ್ಟೋ ಜಾಕೆಟ್‌ಗಳಿಗೆ ಬರೀ ಫೋಮ್ ತುಂಡು ಇಟ್ಟಿರ್ತಾರೆ. ಅದನ್ನು ಬಿಸಾಕಿ ಲೆವೆಲ್ 2 ಬ್ಯಾಕ್ ಪ್ರೊಟೆಕ್ಟರ್ ಹಾಕಿಸಿಕೊಳ್ಳಿ.

ಇಷ್ಟಾದರೂ ಅಳತೆ ಸರಿ ಇಲ್ಲದಿದ್ದರೆ ಎಲ್ಲ ದಂಡ. ಜಾಕೆಟ್ ಹಾಕಿಕೊಂಡು ಗಾಡಿ ಮೇಲೆ ಕೂತು, ಮೊಣಕೈ ಪ್ಯಾಡನ್ನು ಕೈಯಿಂದ ತಿರುಗಿಸಿ ನೋಡಿ. ಮೂಳೆ ಬಿಟ್ಟು ಪಕ್ಕಕ್ಕೆ ಸರಿದರೆ ಬೀಳುವಾಗಲೂ ಸರಿಯುತ್ತೆ. ಒಂದು ಸೈಜ್ ಚಿಕ್ಕದು ತಗೊಳ್ಳಿ, ಇಲ್ಲಾಂದ್ರೆ ತೋಳಿನ ಪಟ್ಟಿ ಬಿಗಿಮಾಡಿ. ಮಂಡಿ ಪ್ಯಾಡ್ ನಿಂತಾಗ ಚಿಪ್ಪಿಗಿಂತ ಸ್ವಲ್ಪ ಕೆಳಗೇ ಇರಬೇಕು, ಆಗ ಕೂತಾಗ ಸರಿಯಾದ ಜಾಗಕ್ಕೆ ಬರುತ್ತೆ.

ಶಿರಾಡಿ_ಮಳೆ:
ಇಬ್ಬರು ಹೇಳಿದ್ದೂ ಸರಿ, ಆದರೆ ದಿನಾ ಪೂರ್ತಿ ಸೆಟ್ ಹಾಕಲೇಬೇಕು ಅಂತ ಪಟ್ಟು ಹಿಡಿದರೆ ಎರಡನೇ ವಾರಕ್ಕೆ ಅದು ಕಪಾಟು ಸೇರ್ತದೆ ಮಾರಾಯ್ರೇ. ದಿನಾ ಹಾಕಲಿಕ್ಕೆ ಆಗುವಂಥದ್ದನ್ನೇ ತಗೊಳ್ಳಿ. ಆಫೀಸಿಗೆ ಮೆಶ್ ಜಾಕೆಟ್ (ಗಾಳಿ ಆಡುವ ಬಲೆ ಬಟ್ಟೆಯದ್ದು), ಗ್ಲೌಸ್, ಕಣಕಾಲು ಮುಚ್ಚುವ ರೈಡಿಂಗ್ ಶೂ, ಮಾಮೂಲಿ ಪ್ಯಾಂಟಿನ ಮೇಲೆ ಮಂಡಿ ಗಾರ್ಡ್. ಗಾರ್ಡ್ ಉಜ್ಜುವಿಕೆ ತಡೆಯುವುದಿಲ್ಲ, ಮಂಡಿ ಚಿಪ್ಪನ್ನು ಮಾತ್ರ ಕಾಯ್ತದೆ, ಅದು ಗೊತ್ತಿರಲಿ. ಘಾಟಿಗೆ ಹೊರಟಾಗ ರೈಡಿಂಗ್ ಪ್ಯಾಂಟೇ ಬೇಕು.

ಸೆಖೆಗೆ ಒಳಗೆ ಕಾಟನ್ ಬನಿಯನ್ ಬೇಡ, ಬೆವರು ಹಿಡಿದಿಟ್ಟುಕೊಳ್ತದೆ. ಬೇಗ ಒಣಗುವ ಸ್ಪೋರ್ಟ್ಸ್ ಟೀಶರ್ಟ್ ಹಾಕಿ. ಬಿಸಿಲು ತೀರಾ ಜಾಸ್ತಿ ಇದ್ದರೆ ಅದನ್ನೇ ಒದ್ದೆ ಮಾಡಿ ಮೇಲೆ ಮೆಶ್ ಹಾಕಿದರೆ ಗಾಡಿ ಓಡುವಷ್ಟು ಹೊತ್ತು ತಂಪು. 40 ದಾಟಿದ ಊರಲ್ಲಿ ಅದೇ ಮೆಶ್ ಗಾಳಿ ಮೈಯ ನೀರನ್ನೂ ಬೇಗ ಹೀರ್ತದೆ, ಬಾಯಾರುವ ಮೊದಲೇ ಕುಡೀರಿ.

ಮಳೆಗೆ ಜಾಕೆಟ್ ಒಳಗಿನ ರೇನ್ ಲೈನರ್ ನಂಬಬೇಡಿ. ಹೊರಗಿನ ಮೆಶ್ ನೆನೆದು ಭಾರ ಆಗ್ತದೆ, ಗಾಳಿಗೆ ಮೈ ಕೊರೀತದೆ. ಎಲ್ಲದರ ಮೇಲೆ ರೇನ್‌ಕೋಟ್ ಹಾಕಿ, ಅದರ ತೋಳು ಗ್ಲೌಸಿನ ಮೇಲೆ ಬರಬೇಕು. ಇಲ್ಲದಿದ್ದರೆ ತೋಳಿಂದ ಇಳಿದ ನೀರೆಲ್ಲ ಗ್ಲೌಸಿನೊಳಗೆ.

ಹೆಬ್ಬಾಳ_ಸವಾರ:
ಎಲ್ಲರಿಗೂ ಥ್ಯಾಂಕ್ಸ್. 25,000ದಲ್ಲಿ ಇದೆಲ್ಲ ಆಗುತ್ತಾ? ಮನೆಯವರಿಗೆ ಏನು ತಗೊಳ್ಳಲಿ? ಈಗ ಅವರು ಹಾಕೋದು ಟೋಪಿ ಥರದ ಅರ್ಧ ಹೆಲ್ಮೆಟ್.

ಟಾರು_ರಸ್ತೆ:
ಗ್ಲೌಸ್ 2,500, ಶೂ 5,000, ಮೆಶ್ ಜಾಕೆಟ್ 8,000, ಬ್ಯಾಕ್ ಪ್ರೊಟೆಕ್ಟರ್ 2,500, ಮಂಡಿ ಗಾರ್ಡ್ 2,500 ಅಂತ ಹಿಡೀರಿ. ಉಳಿದ 4,500 ಪೂರ್ತಿ ಅವರಿಗೆ: ಫುಲ್ ಫೇಸ್ ಹೆಲ್ಮೆಟ್ ಮತ್ತು ಗ್ಲೌಸ್. ಪ್ಯಾಂಟ್ ಮುಂದಿನ ತಿಂಗಳು, ಅಲ್ಲಿವರೆಗೆ ಘಾಟಿ ಬೇಡ. ಅರ್ಧ ಹೆಲ್ಮೆಟ್ ಇವತ್ತೇ ತೆಗೆದುಹಾಕಿ, ಅದು ಕಿವಿ, ದವಡೆ, ತಲೆಯ ಹಿಂಭಾಗ ಯಾವುದನ್ನೂ ಮುಚ್ಚಲ್ಲ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಅಂತ ಕರ್ನಾಟಕದಲ್ಲಿ 2016ರಲ್ಲೇ ಜಾರಿಗೆ ತಂದರು, ಆದರೂ ದಂಡ ತಪ್ಪಿಸೋಕೆ ಅಂತಲೇ ಇವು ಮಾರಾಟ ಆಗ್ತಾ ಇವೆ.

ಹೊಸ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಮೇಲೆ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿ. ತಲೆಯಿಂದ ಉರುಳಿ ಬಂದರೆ ಸೈಜ್ ದೊಡ್ಡದು. ಮೊದಲ ದಿನ ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ಮತ್ತೆ ಅದನ್ನು ಕನ್ನಡಿಗೆ ನೇತುಹಾಕಬೇಡಿ, ಕನ್ನಡಿಯ ತುದಿ ಒಳಗಿನ ಥರ್ಮೋಕೋಲ್ ಪದರಕ್ಕೆ ಒತ್ತಿ ತಗ್ಗು ಬೀಳುತ್ತೆ, ಆ ಜಾಗದಲ್ಲಿ ಹೊಡೆತ ಹೀರೋ ಶಕ್ತಿ ಹೋಯ್ತು.

ಶಿರಾಡಿ_ಮಳೆ:
ಲಗೇಜ್ ಸ್ಟ್ಯಾಂಡ್ ಹಾಕಿಸುವಾಗ ಸೀರೆ ಗಾರ್ಡ್ ಬಿಚ್ಚಿದ್ದರೆ ಮೊದಲು ಅದನ್ನು ವಾಪಸ್ ಹಾಕಿಸಿ. ಅವರು ಎರಡೂ ಕಡೆ ಕಾಲು ಹಾಕಿಯೇ ಕೂರಲಿ, ದುಪಟ್ಟಾ ಇದ್ದರೆ ಜಾಕೆಟ್ ಒಳಗೆ ಸೇರಿಸಿ ಜಿಪ್ ಹಾಕಲಿ. ಚೈನಿಗೋ ಚಕ್ರಕ್ಕೋ ಸಿಕ್ಕಿಕೊಂಡರೆ ಕುತ್ತಿಗೆಯನ್ನೇ ಎಳೀತದೆ, ಆಗ ಯಾವ ಆರ್ಮರೂ ಉಪಯೋಗಕ್ಕೆ ಬರುವುದಿಲ್ಲ.