ಸಹಾಯ ಬೇಕು: 2000 ರೂಪಾಯಿ ಒಳಗೆ ಡ್ರಿಪ್ ಕಾಫಿ ಮೇಕರ್

ಕಲಬುರಗಿಯಲ್ಲಿ ನಮ್ಮ ಸುತ್ತಮುತ್ತ ಎಲ್ಲರೂ ಚಹಾದವರೇ, ಅದಕ್ಕೆ ಇಲ್ಲಿ ಕೇಳ್ತಿದ್ದೇನೆ. ಮನೆಗೆ ಡ್ರಿಪ್ ಕಾಫಿ ಮೇಕರ್ ಬೇಕು. ನಾನು ಹಾಲಿಲ್ಲದೆ ಕುಡಿಯುತ್ತೇನೆ, ಅವ್ವನಿಗೆ ಮಾತ್ರ ಹಾಲು ಹಾಕಿದ ಗಟ್ಟಿ ಕಾಫಿಯೇ ಆಗಬೇಕು. ಸ್ಟೀಲ್ ಫಿಲ್ಟರಿನಷ್ಟು ಗಟ್ಟಿ ಡಿಕಾಕ್ಷನ್ ಇದರಲ್ಲಿ ಬರಲ್ಲ, ಗೊತ್ತು. ಪುಡಿ ಜಾಸ್ತಿ ಹಾಕಿ ನೀರು ಕಡಿಮೆ ಮಾಡಿದರೆ ನಡೆಯುತ್ತಾ?

ಆಮೇಲೆ ಪುಡಿ. ನಮ್ಮ ಅಂಗಡಿಯಲ್ಲಿ ಸಿಗೋದು ಚಿಕೋರಿ ಬೆರೆಸಿದ ನುಣ್ಣನೆ ಪುಡಿ. ಅಕ್ಕನ ಮನೆಯ ಮಷೀನಿನಲ್ಲಿ ಅದು ಕೆಸರಿನಂತೆ ಕೂತು, ನೀರು ಇಳಿಯದೆ, ಮೇಲಿನ ಬುಟ್ಟಿ ತುಂಬಿ ಕಟ್ಟೆ ತುಂಬಾ ಚೆಲ್ಲಿತು. ಸ್ವಲ್ಪ ತರಿ ಇರೋ, ಚಿಕೋರಿ ಇಲ್ಲದ ಪುಡಿಯನ್ನು ಚಿಕ್ಕಮಗಳೂರಿನಿಂದ ಕೊರಿಯರ್‌ನಲ್ಲಿ ತರಿಸೋರು ಯಾರಾದರೂ ಇದ್ದೀರಾ?

ನಮ್ಮದು ಬೋರ್ ನೀರು, ಗಡಸು ಅಂದ್ರೆ ಗಡಸು, ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಮಷೀನಿನ ಪೈಪಿನಲ್ಲೂ ಕಟ್ಟೋದು ಗ್ಯಾರಂಟಿ. ತಿಂಗಳಿಗೊಮ್ಮೆ ವಿನೆಗರ್ ಬೆರೆಸಿದ ನೀರು ಓಡಿಸಿದರೆ ಸಾಕಾ, ಇಲ್ಲಾ ಕ್ಯಾನ್ ನೀರೇ ಹಾಕಬೇಕಾ? ಕಾಗದದ ಫಿಲ್ಟರ್ ಬೇಡ, ತೊಳೆಯೋ ಜಾಲರಿ ಇರಲಿ, ಪ್ರತಿ ಸಲ ಆನ್‌ಲೈನ್ ತರಿಸೋದು ಯಾರಿಗೆ ಬೇಕು. ಗಾಜಿನ ಜಗ್ ಒಡೆದರೆ ಬೇರೆ ಸಿಗುವಂಥ ಕಂಪನಿ ಇದ್ದರೆ ಮಾತ್ರ ಹೆಸರು ಹೇಳಿ.