ಯುದ್ಧದ ಕಥೆಯಲ್ಲಿ ವೀರತನಕ್ಕೆ ಜಾಗ ಇದೆಯಾ? ಬರೆದವರು, ಓದಿದವರು ಹೇಳಿ

ಸೈನಿಕರ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. ಕರಡು ಓದಿದ ಒಬ್ಬರು ‘ಯುದ್ಧವನ್ನು ವೈಭವೀಕರಿಸಿದ್ದೀರಿ’ ಎಂದರು. ಇನ್ನೊಬ್ಬರು ‘ಇದರಲ್ಲಿ ಒಬ್ಬ ವೀರನೂ ಇಲ್ಲವಲ್ಲ’ ಎಂದರು. ಇಂಥ ಕಥೆಯಲ್ಲಿ ವೀರತನ, ಕೀರ್ತಿ ಇರಬಹುದಾ? ನಿಮ್ಮ ಅನುಭವ ಹಂಚಿಕೊಳ್ಳಿ.

ಉತ್ತರ 1

ವೀರತನ ಖಂಡಿತ ಇರಬಹುದು. ಅದನ್ನು ಪೂರ್ತಿ ತೆಗೆದರೆ ಕಥೆಯೇ ಸುಳ್ಳಾಗುತ್ತದೆ. ಕೀರ್ತಿಯ ವಿಷಯ ಬೇರೆ. ಅದು ದೂರದಲ್ಲಿದ್ದವರು ಆಮೇಲೆ ಕೊಡುವಂಥದ್ದು. ನಾನು ಬರೆಯುವಾಗ ಇವೆರಡನ್ನೂ ಒಂದೇ ದೃಶ್ಯದಲ್ಲಿ ತರುವುದಿಲ್ಲ.

ಕವಿ ಸಿಗ್‌ಫ್ರೀಡ್ ಸಸೂನ್ ಅವರನ್ನೇ ನೋಡಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿ. 1916ರಲ್ಲಿ ಒಂದು ದಾಳಿಯ ವೇಳೆ ಗುಂಡು, ಬಾಂಬುಗಳ ನಡುವೆ ಒಂದೂವರೆ ಗಂಟೆ ಇದ್ದು ಗಾಯಾಳುಗಳನ್ನು ಎಳೆದು ತಂದರು. ಅದಕ್ಕೆ ಮಿಲಿಟರಿ ಕ್ರಾಸ್ ಎಂಬ ಶೌರ್ಯ ಪದಕ ಬಂತು. ಮರುವರ್ಷ ಅವರೇ, ಈ ಯುದ್ಧವನ್ನು ಬೇಕಂತಲೇ ಎಳೆಯಲಾಗುತ್ತಿದೆ ಎಂದು ಬಹಿರಂಗವಾಗಿ ಹೇಳಿದರು. ಪದಕದ ರಿಬ್ಬನ್ನನ್ನು ಮರ್ಸಿ ನದಿಗೆ ಎಸೆದರು. ಅಷ್ಟಾದ ಮೇಲೂ 1918ರಲ್ಲಿ ಮತ್ತೆ ರಣರಂಗಕ್ಕೆ ಹೋದರು. ಇದೆಲ್ಲ ಮಾಡಿದ್ದು ಒಬ್ಬನೇ ಮನುಷ್ಯ, ಅಲ್ವಾ? ಪಾತ್ರಕ್ಕೆ ಇಷ್ಟು ಜಾಗ ಕೊಡಿ. ಧೈರ್ಯ ತೋರಿಸಿದವನು ಯುದ್ಧವನ್ನು ಒಪ್ಪಲೇಬೇಕು ಅಂತೇನಿಲ್ಲ.

ಗಾಯಾಳುವನ್ನು ತರುವ ದೃಶ್ಯ ಬರೆಯುವಾಗ ಕೈಗಳನ್ನು ಬರೆಯಿರಿ. ಬೆಲ್ಟ್ ಹಿಡಿದರೆ ಕೆಸರಿಗೆ ಜಾರುತ್ತದೆ. ತೋಳಿನಡಿ ಕೈ ಹಾಕಿ ಎಳೆದರೆ ಅವನು ಕಿರುಚುತ್ತಾನೆ. ಕಿರುಚಿದರೆ ಎದುರಿನಿಂದ ಗುಂಡು ಬರುತ್ತದೆ. ಹಾಗಾಗಿ ಅವನ ಬಾಯಿ ಮುಚ್ಚಿ ಎಳೆಯಬೇಕು. ಇಷ್ಟು ಬರೆದ ಮೇಲೆ ‘ಎದೆಗಾರಿಕೆ’ ಅಂತ ಹೇಳುವ ಅಗತ್ಯವೇ ಬರುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಡೆಸ್ಮಂಡ್ ಡಾಸ್ ಅಮೆರಿಕ ಸೇನೆಯ ವೈದ್ಯಕೀಯ ಸಹಾಯಕ. ಬಂದೂಕು ಮುಟ್ಟುವುದಿಲ್ಲ ಎಂದು ಹಟ ಹಿಡಿದವರು. 1945ರಲ್ಲಿ ಒಕಿನಾವಾದ ಕಡಿದಾದ ಬಂಡೆಯಿಂದ ಗಾಯಾಳುಗಳನ್ನು ಹಗ್ಗ ಕಟ್ಟಿ ಒಬ್ಬೊಬ್ಬರನ್ನಾಗಿ ಕೆಳಗಿಳಿಸಿದರು. ಸೇನೆ ನೂರು ಜನ ಎಂದಿತು, ಅವರು ಐವತ್ತು ಇರಬಹುದು ಎಂದರು, ಕೊನೆಗೆ ದಾಖಲೆಯಲ್ಲಿ 75 ಎಂದಾಯಿತು. ಹಗ್ಗ ಹಿಡಿದವನು ಎಣಿಸುತ್ತಾ ಕೂರುವುದಿಲ್ಲ. ಲೆಕ್ಕ ಕೇಳುವುದು ಆಮೇಲೆ, ಪದಕ ಕೊಡುವಾಗ. ಕೀರ್ತಿಯನ್ನು ಬರೆಯಲೇಬೇಕು ಅನ್ನಿಸಿದರೆ ಆ ಲೆಕ್ಕದ ಮಾತುಕತೆಯನ್ನೇ ಬರೆಯಿರಿ. ಅಲ್ಲಿ ಒಳ್ಳೆಯ ಅಧ್ಯಾಯ ಇದೆ.

ಉತ್ತರ 3

ನಾನು ಸೇನೆಯಲ್ಲಿದ್ದವನು. ಸೈನಿಕರೆಲ್ಲ ಮೋಸ ಹೋದವರು, ಒಳಗೇ ಮುರಿದವರು ಅಂತಲೇ ತೋರಿಸುವ ಕಥೆಗಳು ನನಗೆ ಬಹಳ ನೋವು ಕೊಡುತ್ತವೆ. ಕೆಲಸವನ್ನು ಸರಿಯಾಗಿ ಮಾಡಿದ ಹೆಮ್ಮೆ ಅಂತ ಒಂದಿದೆ. ಜ್ವರ ಬಂದವನ ಬದಲು ಇನ್ನೊಬ್ಬ ಸುಮ್ನೆ ಎದ್ದು ಕಾವಲಿಗೆ ಹೋಗುತ್ತಾನೆ. ಬೆಳಗ್ಗೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದೂ ಬರಲಿ ನಿಮ್ಮ ಕಾದಂಬರಿಯಲ್ಲಿ.

ಮತ್ತೆ, ಆ ಓದುಗರು ಯಾವ ದೃಶ್ಯಕ್ಕೆ ‘ವೈಭವೀಕರಣ’ ಎಂದರು ಅಂತ ಕೇಳಿ ನೋಡಿ. ಬಹುಶಃ ಎದುರು ಕಡೆಯವರು ಮುಖವೇ ಇಲ್ಲದೆ ಸಾಲಾಗಿ ಬೀಳುವ ಪುಟ ಇರಬೇಕು. ಹಾಗಿದ್ದರೆ ಅವರಲ್ಲಿ ಒಬ್ಬನನ್ನಾದರೂ ನಿಮ್ಮ ಸೈನಿಕ ಹತ್ತಿರದಿಂದ ನೋಡಲಿ. ನಂತರ ಅದೇ ದೃಶ್ಯವನ್ನು ಇನ್ನೊಮ್ಮೆ ಬರೆಯಿರಿ.