ಸಹಿ ಹಾಕಿದ ಮೇಲ್ ಕೆಲವರಿಗೆ ಖಾಲಿ, ಕೆಲವರಿಗೆ ‘ವೈರಸ್’

ಲೆಕ್ಕದಪುಸ್ತಕ:
ಅಕೌಂಟ್ಸ್ ವಿಭಾಗದಿಂದ ಹೋಗುವ ಬಿಲ್, ಪರ್ಚೇಸ್ ಆರ್ಡರ್ ಮೇಲ್‌ಗಳಿಗೆಲ್ಲ ಔಟ್‌ಲುಕ್‌ನಲ್ಲಿ ಎಸ್‌ಮೈಮ್ ಸಹಿ (ಕಳಿಸಿದ್ದು ನಾವೇ, ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸುವ ಡಿಜಿಟಲ್ ಸಹಿ) ಹಾಕುತ್ತಿದ್ದೇವೆ. ಪಡೆದವರಲ್ಲಿ ಕೆಲವರು ‘ಮೇಲ್ ಖಾಲಿ ಇದೆ’ ಅಂತಾರೆ, ಇನ್ನು ಕೆಲವರು ‘ಪಿ7ಎಸ್ ಅಂತ ಏನೋ ಫೈಲ್ ಬಂದಿದೆ, ವೈರಸ್ಸಾ?’ ಅಂತ ಕೇಳ್ತಾರೆ. ಅವರಿಗೆ ಏನನ್ನೂ ಇನ್‌ಸ್ಟಾಲ್ ಮಾಡಿ ಅನ್ನೋ ಹಾಗಿಲ್ಲ. ನಮ್ಮ ಕಡೆಯಿಂದಲೇ ಸರಿಮಾಡಬಹುದಾ? ಜಿಎಸ್‌ಟಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಇರುವ ಯುಎಸ್‌ಬಿ ಟೋಕನ್ ಇದಕ್ಕೂ ಆಗುತ್ತಾ?

ಬೀಗದಕೈ:
ಖಾಲಿ ಅಂದವರನ್ನು ಕೇಳಿ ನೋಡಿ, ಅವರಿಗೆ ಬಂದಿರೋದು ಪಿ7ಎಸ್ ಅಲ್ಲ, ಪಿ7ಎಂ ಇರುತ್ತೆ. ಅಂದರೆ ಇಡೀ ಪತ್ರವೇ ಸಹಿಯ ಪೊಟ್ಟಣದೊಳಗೆ ಕೂತಿದೆ. ಎಸ್‌ಮೈಮ್ ಗೊತ್ತಿಲ್ಲದ ವೆಬ್‌ಮೇಲ್‌ಗೆ ಅದನ್ನು ಬಿಚ್ಚೋಕೆ ಬರಲ್ಲ. ಹಳೇ ಔಟ್‌ಲುಕ್ ಆದರೆ ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಅದರ ಸೆಟ್ಟಿಂಗ್ಸ್, ಇಮೇಲ್ ಸೆಕ್ಯೂರಿಟಿ. ಅಲ್ಲಿ ‘ಸೆಂಡ್ ಕ್ಲಿಯರ್ ಟೆಕ್ಸ್ಟ್ ಸೈನ್ಡ್ ಮೆಸೇಜ್’ ಟಿಕ್ ಮಾಡಿ. ಆಮೇಲೆ ಪತ್ರ ಎಲ್ಲರಿಗೂ ಓದೋಕೆ ಸಿಗುತ್ತೆ, ಸಹಿ ಪಕ್ಕದಲ್ಲಿ ಪಿ7ಎಸ್ ಆಗಿ ಬರುತ್ತೆ. ಆ ಪಿ7ಎಸ್ ಫೈಲ್ ಬರೋದು ಮಾತ್ರ ನಿಲ್ಲಲ್ಲ, ಅದೇ ಸಹಿ.

ತಂತಿಅಂಚೆ:
ಇನ್ನೊಂದು ಕಡೆಯೂ ಎಡವುತ್ತೆ. ‘ಈ ಮೇಲ್ ಗೌಪ್ಯ’ ಅನ್ನೋ ಡಿಸ್‌ಕ್ಲೇಮರ್ ಸಾಲನ್ನು ಸರ್ವರ್ ಅಂಟಿಸುತ್ತಿದ್ದರೆ, ಸಹಿ ಬಿದ್ದ ಮೇಲೆ ಪತ್ರ ಬದಲಾದ ಹಾಗಾಯ್ತು. ಪಡೆದವರಿಗೆ ‘ಸಹಿ ಅಮಾನ್ಯ’ ಅಂತ ಎಚ್ಚರಿಕೆ ಬರುತ್ತೆ. ಸಹಿ ಇಲ್ಲದ ಮೇಲ್‌ಗಿಂತ ಇದು ಕೆಟ್ಟದ್ದು. ಆ ಸಾಲನ್ನು ಮೇಲ್ ಕೊನೆಗೆ ಹೆಸರು, ಫೋನ್ ಸೇರಿಸುವ ಔಟ್‌ಲುಕ್‌ನ ಮಾಮೂಲಿ ‘ಸಿಗ್ನೇಚರ್’ಗೇ ಹಾಕಿ (ಹೆಸರು ಒಂದೇ ಆದ್ದರಿಂದ ಎಲ್ಲರಿಗೂ ಗೊಂದಲ), ಸರ್ವರ್ ನಿಯಮದಿಂದ ಸಹಿ ಇರುವ ಮೇಲ್‌ಗಳನ್ನು ಹೊರಗಿಡಿ.

ಬೀಗದಕೈ:
ಡಿಎಸ್‌ಸಿ ಬೇಡ. ಡಿಎಸ್‌ಸಿಗಳಿಗೆಲ್ಲ ಬುಡವಾದ ಭಾರತದ ಸರ್ಕಾರಿ ಸಿಸಿಎ ರೂಟ್ ಸರ್ಟಿಫಿಕೇಟ್, ಥಂಡರ್‌ಬರ್ಡ್ ಅನ್ನೋ ಮೇಲ್ ಆ್ಯಪ್ ನಂಬುವ ಪಟ್ಟಿಯಲ್ಲಿಲ್ಲ, ಹಾಗಾಗಿ ಅಲ್ಲಿ ನಿಮ್ಮ ಸಹಿಯನ್ನು ನಂಬಲ್ಲ. ಸಹಿ ಹಾಕುವ ಗುಟ್ಟಿನ ಕೀ ಟೋಕನ್‌ನಿಂದ ಹೊರಗೆ ಬರಲ್ಲ, ಹಾಗಾಗಿ ಫೋನಿನಿಂದ ಸಹಿ ಕಷ್ಟ. ಪಿನ್ ಪದೇ ಪದೇ ತಪ್ಪಿದರೆ ಟೋಕನ್ನೇ ಲಾಕ್. ಅಕೌಂಟ್ಸ್ ವಿಳಾಸದ ಹೆಸರಿಗೇ ಬೇರೆ ಇಮೇಲ್ ಸರ್ಟಿಫಿಕೇಟ್ ತಗೊಳ್ಳಿ. ಫ್ರಮ್ ವಿಳಾಸ ಸರ್ಟಿಫಿಕೇಟ್‌ನಲ್ಲಿರೋದಕ್ಕೆ ಹೊಂದದಿದ್ದರೂ ಎಚ್ಚರಿಕೆ ಬರುತ್ತೆ.

ಲೆಕ್ಕದಪುಸ್ತಕ:
ಟಿಕ್ ಹಾಕಿದೆ, ಖಾಲಿ ಸಮಸ್ಯೆ ಹೋಯ್ತು. ಪಿ7ಎಸ್ ಬಗ್ಗೆ ಅವರಿಗೆ ಏನು ಹೇಳೋದು?

ತಂತಿಅಂಚೆ:
‘ಸರ್ಟಿಫಿಕೇಟ್’, ‘ಎನ್‌ಕ್ರಿಪ್ಷನ್’ ಪದಗಳೇ ಬೇಡ. ಮೇಲ್‌ನ ಕೆಳಗೆ ಹೀಗೆ ಹಾಕಿ: ‘ಜೊತೆಗಿರುವ ಪಿ7ಎಸ್ ಫೈಲ್ ನಮ್ಮ ಸಹಿ, ತೆರೆಯಬೇಕಾಗಿಲ್ಲ. ಔಟ್‌ಲುಕ್‌ನಲ್ಲಿ ಕೆಂಪು ರಿಬ್ಬನ್ ಕಾಣುತ್ತದೆ. ಬ್ಯಾಂಕ್ ಖಾತೆ ಬದಲಾಗಿದೆ ಎಂದು ಮೇಲ್ ಬಂದರೆ, ಹಣ ಕಳಿಸುವ ಮೊದಲು ನಿಮ್ಮಲ್ಲಿರುವ ಹಳೇ ನಂಬರಿಗೆ ಫೋನ್ ಮಾಡಿ.’ ಜಿಮೇಲ್‌ನಲ್ಲಿ ಕಾಣುವ ‘ಸೈನ್ಡ್ ಬೈ’ ತೋರಿಸಿ ವಿವರಿಸೋಕೆ ಹೋಗಬೇಡಿ. ಅದು ಡೊಮೇನ್‌ನ ಡಿಕೆಐಎಂ (ಕಳಿಸುವ ಸರ್ವರ್ ತಾನೇ ಹಾಕುವ ಗುರುತು), ನಿಮ್ಮ ಸಹಿ ಅಲ್ಲ.